ನಡುವಯಸ್ಸಿನ ಓಟ: ಒಂದು ಚಿಕ್ಕ ಚರಿತ್ರೆ

ನಾವು ಗಚ್ಚಿಬೌಲಿಯಲ್ಲಿ ಮನೆ ಮಾಡಿ ಹನ್ನೊಂದು ವರ್ಷವಾಯಿತು. ಈ ಊರಿನ ಹೆಸರು ನಮ್ಮ ಕನ್ನಡದ ಕಿವಿಗೆ ಗಚ್ಚಿನ ಬಾವಿ ಎಂದೇ ಕೇಳಿಸುತ್ತದೆ. ಆದರೆ ಬಾವಿಯನ್ನು ಹುಡುಕಿಕೊಂಡು ಹೊರಟವರಿಗೆ ಇಲ್ಲಿ ಕಾಣುವುದು ಗಾಜಿನ ಗೋಡೆಯ ಕಟ್ಟಡಗಳು, ಮೇಲುಸೇತುವೆಗಳು, ಅವುಗಳ ನಡುವೆ ಹೇಗೋ ಉಳಿದುಕೊಂಡ ಹೆಬ್ಬಂಡೆಗಳು. ಇವೆಲ್ಲದರ ಮಧ್ಯದಲ್ಲಿ ಜಿ.ಎಂ.ಸಿ. ಬಾಲಯೋಗಿ ಕ್ರೀಡಾಂಗಣವಿದೆ. ಹತ್ತು ವರ್ಷ ಕಾಲ ನಾವು ಅದರ ಮುಂದೆ ದಿನಕ್ಕೆರಡು ಬಾರಿ ಬಸ್ಸಿನಲ್ಲಿ ಹಾದುಹೋದೆವು. ಒಳಗೆ ಓಡುವವರಿದ್ದಾರೆ ಎಂಬುದು ಗೊತ್ತಿತ್ತು. ಅದು ನಮಗೂ ಸಂಬಂಧಪಟ್ಟ ವಿಷಯವೆಂದು ಮಾತ್ರ ಹೊಳೆದಿರಲಿಲ್ಲ.

ಹೊಳೆದದ್ದು ಒಂದು ಸಾವಿನಿಂದ. ಕಚೇರಿಯಲ್ಲಿ ನಮ್ಮ ಪಕ್ಕದ ಮೇಜಿನಲ್ಲಿ ಹದಿನಾಲ್ಕು ವರ್ಷ ಕೂತಿದ್ದ ಮಿತ್ರರು, ರಾಯಚೂರಿನ ಕಡೆಯವರು, ತಮ್ಮ ನಲವತ್ತೇಳನೆಯ ವಯಸ್ಸಿನಲ್ಲಿ ಒಂದು ಸೋಮವಾರ ಕಚೇರಿಗೆ ಬರಲಿಲ್ಲ. ಬೀಡಿ ಸಿಗರೇಟು ಮುಟ್ಟಿದವರಲ್ಲ, ಕುಡಿದವರಲ್ಲ, ಯಾರ ಮೇಲೂ ಕೂಗಾಡಿದವರಲ್ಲ. ಹನ್ನೆರಡನೆಯ ದಿನ ಅವರ ಮನೆಗೆ ಹೋದಾಗ ಅವರ ಮನೆಯವರು ಅಳದೆ, ಯಾರನ್ನೂ ನೋಡದೆ, ಒಂದು ಮಾತು ಹೇಳಿದರು: “ಮನ್ಯಾಗ ಕುಂತ್ರು, ಬಸ್ಸಿನ್ಯಾಗ ಕುಂತ್ರು, ಆಫೀಸಿನ್ಯಾಗ ಕುಂತ್ರು. ಎದ್ದು ಅಡ್ಡಾಡಿದ್ದು ನಾ ನೋಡೇ ಇಲ್ರಿ ಅಣ್ಣಾರ.” ನಾವು ಆಗ ಕುರ್ಚಿಯಲ್ಲಿ ಕೂತಿದ್ದೆವು. ಏನು ಹೇಳಬೇಕೆಂದು ತಿಳಿಯದೆ ಕೂತೇ ಇದ್ದೆವು.

ಅದಾದ ಮೇಲೆ ಗಚ್ಚಿಬೌಲಿಯ ಸುತ್ತ ನೆಲೆಸಿದ ಕನ್ನಡಿಗರು ನಾವು ಆರು ಜನ, ಗಂಡಸರು ನಾಲ್ವರು ಹೆಂಗಸರಿಬ್ಬರು, ಬೆಳಿಗ್ಗೆ ಓಡುವುದೆಂದು ತೀರ್ಮಾನಿಸಿದೆವು. ಮೊದಲ ದಿನ ಕ್ರೀಡಾಂಗಣದ ಹೊರಗೋಡೆಯ ಪಕ್ಕದ ರಸ್ತೆಯಲ್ಲಿ, ಹಿಂದೆ ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೋ ಎಂಬಂತೆ ಓಡಿದೆವು. ಎರಡು ವಿದ್ಯುತ್ ಕಂಬ ದಾಟುವುದರೊಳಗೆ ಒಬ್ಬರು ಪಕ್ಕೆ ಹಿಡಿದು ನಿಂತರು, ಇನ್ನೊಬ್ಬರಿಗೆ ಕಣ್ಣು ಕತ್ತಲೆ ಬಂತು. ಉಳಿದವರು ಅವರಿಬ್ಬರನ್ನು ನೋಡಿಕೊಳ್ಳುವ ನೆಪದಲ್ಲಿ ನಿಂತರು. ಶಾಲೆಯಲ್ಲಿ ಖೋ ಖೋ ಆಡಿದ ಕಾಲುಗಳು ಇವೇ ಎಂದರೆ ನಂಬಿಕೆ ಬರುತ್ತಿರಲಿಲ್ಲ.

ಬಿ.ಎಸ್ಸಿ. ಓದಿದವರ ಒಂದು ಕೆಟ್ಟ ಅಭ್ಯಾಸವೆಂದರೆ, ಕೆಲಸ ಕೆಟ್ಟಾಗ ಪುಸ್ತಕ ತೆರೆಯುವುದು. ನಮ್ಮಂಥ ನಡುವಯಸ್ಸಿನವರು, ಯಾವ ಪದಕದ ಆಸೆಯೂ ಇಲ್ಲದವರು, ಮೊದಲು ಎಲ್ಲಿ, ಏಕೆ ಓಡಲಾರಂಭಿಸಿದರು ಎಂದು ಹುಡುಕಿದೆವು. ಹುಡುಕುತ್ತ ಹೋದಂತೆ ಅದು ನಮ್ಮ ಗುಮಾಸ್ತ ಕುಲದ ಚರಿತ್ರೆಯೇ ಆಗಿ ಕಂಡಿತು. ಅದನ್ನೇ ಇಲ್ಲಿ ವಾಚಕರ ಮುಂದೆ ಇಡುತ್ತಿದ್ದೇವೆ.

ಹಿಂದಿನವರು ಆರೋಗ್ಯಕ್ಕಾಗಿ ಓಡಲಿಲ್ಲ. ಓಡುವುದು ಆಗ ಒಂದು ಉದ್ಯೋಗ. ಮೈಸೂರಿನಲ್ಲಿ ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಚಿಕ್ಕದೇವರಾಜ ಒಡೆಯರ ಕಾಲಕ್ಕೇ ಅಂಚೆಯ ವ್ಯವಸ್ಥೆ ಏರ್ಪಟ್ಟಿತ್ತು. ಹರಿಕಾರನು ಕಾಗದದ ಚೀಲ ಹೊತ್ತು ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಓಡಿ ಮುಟ್ಟಿಸಬೇಕು, ಅಲ್ಲಿಂದ ಮುಂದಿನವನು ಓಡಬೇಕು. 1889ರಲ್ಲಿ ಮೈಸೂರು ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ಆ ವೇಳೆಗೆ ರೈಲು ಬಂದಿತ್ತು, ಹರಿಕಾರನ ಕಾಲಿಗೆ ಬೆಲೆ ಇಳಿಯುತ್ತಿತ್ತು. ಹೊಟ್ಟೆಪಾಡಿಗಾಗಿ ವಾರವೆಲ್ಲ ಓಡಿದವನಿಗೆ ಭಾನುವಾರ ಬೆಳಿಗ್ಗೆ ಎದ್ದು ಸುಮ್ಮನೆ ಓಡು ಎಂದಿದ್ದರೆ, ಹೇಳಿದವರ ತಲೆ ಸರಿಯಿದೆಯೇ ಎಂದು ನೋಡುತ್ತಿದ್ದನೋ ಏನೋ.

ಪಂದ್ಯಕ್ಕಾಗಿ ಓಡಿದವರಲ್ಲಿ ನಮ್ಮವರ ಹೆಸರು ಬಹಳ ಮೊದಲೇ ಬರುತ್ತದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಮೊದಲನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟದಲ್ಲಿ ಹಳ್ಳಿಯ ರೈತರ ಮಕ್ಕಳು ಬರಿಗಾಲಿನಲ್ಲಿ ದೂರದ ಓಟ ಓಡುವುದನ್ನು ದೊರಾಬ್ಜಿ ಟಾಟಾ ಅವರು ಕಂಡರು. ಗಡಿಯಾರ ನೋಡಿದರೆ ಇವರ ವೇಗ ಯೂರೋಪಿನವರಿಗಿಂತ ಬಹಳ ಹಿಂದೆ ಇರಲಿಲ್ಲ. ತಮ್ಮ ಕೈಯಿಂದ ಹಣ ಹಾಕಿ, ಮುಂಬಯಿ ಗವರ್ನರರ ಬೆಂಬಲ ಪಡೆದು, 1920ರ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಒಂದು ಚಿಕ್ಕ ತಂಡವನ್ನು ಅವರು ಕಳಿಸಿದರು. ಆ ತಂಡದ ನಾಲ್ವರು ಓಟಗಾರರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಒಬ್ಬರು, ಹುಬ್ಬಳ್ಳಿಯ ಕೈಕಾಡಿ ಇನ್ನೊಬ್ಬರು. ಎರಡು ಊರುಗಳೂ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಕರ್ನಾಟಕವೆಂಬ ರಾಜ್ಯವಿನ್ನೂ ನಕಾಶೆಯಲ್ಲಿರಲಿಲ್ಲ. ಚೌಗುಲೆಯವರು ಮ್ಯಾರಥಾನಿನಲ್ಲಿ 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಡಿ ಹತ್ತೊಂಬತ್ತನೆಯವರಾಗಿ ಗುರಿ ಮುಟ್ಟಿದರು. ಆ ವರ್ಷದ ಹಾದಿ ಮಾಮೂಲಿಗಿಂತ ಉದ್ದ, 42.75 ಕಿಲೋಮೀಟರು. ಲೆಕ್ಕ ಹಾಕಿದರೆ ಕಿಲೋಮೀಟರಿಗೆ ನಾಲ್ಕೇ ನಿಮಿಷ. ನಮ್ಮ ಆರು ಜನರಲ್ಲಿ ಎಲ್ಲರಿಗಿಂತ ಚುರುಕಾದವರು, ಈಗ, ಇಷ್ಟೆಲ್ಲ ಅಭ್ಯಾಸದ ಮೇಲೆ, ಒಂದು ಕಿಲೋಮೀಟರಿಗೆ ಎಂಟೂವರೆ ನಿಮಿಷ ತೆಗೆದುಕೊಳ್ಳುತ್ತಾರೆ. ಬೆಳಗಾವಿಯ ಆ ಯುವಕನ ಹೆಸರನ್ನು ನಾವು ಯಾವ ಪಠ್ಯಪುಸ್ತಕದಲ್ಲೂ ಓದಿದ ನೆನಪಿಲ್ಲ.

ಹರಿಕಾರನೂ ಚೌಗುಲೆಯವರೂ ನಮ್ಮಂಥವರಲ್ಲ. ನಮ್ಮ ಕಥೆ ಆರಂಭವಾಗುವುದು ಲಂಡನ್ನಿನ ಬಸ್ಸಿನಲ್ಲಿ.

ಎರಡನೆಯ ಮಹಾಯುದ್ಧದ ನಂತರ ಇಂಗ್ಲೆಂಡಿನಲ್ಲಿ ನಡುವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯುವುದು ಹೆಚ್ಚುತ್ತಿತ್ತು, ಕಾರಣ ಯಾರಿಗೂ ತಿಳಿದಿರಲಿಲ್ಲ. ಜೆರೆಮಿ ಮಾರಿಸ್ ಎಂಬ ವೈದ್ಯರು, ಯಾವ ಉದ್ಯೋಗದವರು ಹೆಚ್ಚು ಸಾಯುತ್ತಿದ್ದಾರೆ ಎಂದು ಲೆಕ್ಕ ತೆಗೆಯಲು ಹೊರಟರು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಇಬ್ಬರು ನೌಕರರು. ಚಾಲಕ ದಿನವಿಡೀ ಕೂತಿರುತ್ತಾನೆ. ನಿರ್ವಾಹಕ ದಿನವಿಡೀ ಮೆಟ್ಟಿಲು ಹತ್ತಿ ಇಳಿದು ಟಿಕೆಟು ಕೊಡುತ್ತಾನೆ. ದಿನಕ್ಕೆ ಐನೂರಕ್ಕಿಂತ ಹೆಚ್ಚು ಮೆಟ್ಟಿಲು. ಸಂಬಳ, ವಾಸ, ಊಟ ಇಬ್ಬರದೂ ಹೆಚ್ಚುಕಡಿಮೆ ಒಂದೇ. ಆದರೆ ಹೃದಯದ ಕಾಯಿಲೆ ಚಾಲಕರಲ್ಲಿ ಎದ್ದು ಕಾಣುವಷ್ಟು ಹೆಚ್ಚು, ಅದೂ ಹಠಾತ್ತಾಗಿ ಬಂದು ಕೊಲ್ಲುವಂಥದು. 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಅದೇ ಬರಹದಲ್ಲಿ ಇನ್ನೊಂದು ಲೆಕ್ಕವಿದೆ. ಅದನ್ನು ಓದಿ ನಾವು ಪುಸ್ತಕ ಮಡಿಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಮಾರಿಸರು ಅಂಚೆ ಇಲಾಖೆಯನ್ನೂ ನೋಡಿದ್ದರು. ನಡೆದು, ಸೈಕಲ್ ತುಳಿದು ಕಾಗದ ಹಂಚುವ ಪೋಸ್ಟ್‌ಮ್ಯಾನ್‌ಗಳಿಗೂ, ಕೂತು ಕೆಲಸ ಮಾಡುವ ಸರಕಾರಿ ಗುಮಾಸ್ತರಿಗೂ ಟೆಲಿಫೋನು ನೌಕರರಿಗೂ ಹೋಲಿಸಿದಾಗ ಫಲಿತಾಂಶ ಅದೇ. ಹರಿಕಾರನ ವಂಶದವರು ಬದುಕುತ್ತಿದ್ದರು, ದಫ್ತರಿನ ವಂಶದವರು ಸಾಯುತ್ತಿದ್ದರು. ಮುಂಬಡ್ತಿಯೆಂದರೆ ಬೀದಿಯಿಂದ ಕುರ್ಚಿಗೆ ಬರುವುದೆಂದು ನಂಬಿದ ಸಂಸಾರಗಳಿಂದ ಬಂದವರು ನಾವು. ನಮ್ಮ ತಂದೆಯವರು ನಮ್ಮ ಕೈಗೆ ನೇಮಕದ ಆದೇಶ ಬಂದ ದಿನ ಊರಿಗೆಲ್ಲ ಪೇಡೆ ಹಂಚಿದ್ದು, ಮಗ ಇನ್ನು ಬಿಸಿಲಿನಲ್ಲಿ ಅಲೆಯಬೇಕಾಗಿಲ್ಲ ಎಂಬ ಸಂತೋಷಕ್ಕೆ.

ಮಾರಿಸರು ಆತುರದ ಮನುಷ್ಯರಲ್ಲ. ಚಾಲಕನಾಗುವವನು ಮೊದಲಿನಿಂದಲೇ ಬೇರೆ ಬಗೆಯ ಮನುಷ್ಯನಾಗಿರಬಹುದಲ್ಲವೆ ಎಂಬ ಸಂದೇಹ ಅವರಿಗೇ ಬಂತು. ಸಾರಿಗೆ ಸಂಸ್ಥೆಯು ನೌಕರರಿಗೆ ಹೊಲಿಸಿಕೊಡುತ್ತಿದ್ದ ಸಮವಸ್ತ್ರದ ಅಳತೆಗಳನ್ನು ತರಿಸಿ ನೋಡಿದರು. ಚಾಲಕರ ಷರಾಯಿಯ ಸೊಂಟದಳತೆ ಹರೆಯದಲ್ಲೇ ನಿರ್ವಾಹಕರದಕ್ಕಿಂತ ದೊಡ್ಡದಾಗಿತ್ತು. 1956ರಲ್ಲಿ ಇದನ್ನೂ ಮುಚ್ಚಿಡದೆ ಪ್ರಕಟಿಸಿದರು. ತಮ್ಮ ವಾದಕ್ಕೆ ತಾವೇ ಅಡ್ಡ ನಿಂತು ದರ್ಜಿಯ ಪುಸ್ತಕ ಹುಡುಕಿದ ವಿಜ್ಞಾನಿಯನ್ನು ನಾವು ಬೇರೆಲ್ಲೂ ಕಂಡಿಲ್ಲ.

ಹಾಗಾದರೆ ಉದ್ಯೋಗ ಒಂದೇ ಇರುವವರನ್ನು ಹೋಲಿಸಬೇಕು. ಅವರು ಆರಿಸಿಕೊಂಡದ್ದು ಯಾರನ್ನು ಎನ್ನುತ್ತೀರಿ? ನಲವತ್ತರಿಂದ ಅರವತ್ತನಾಲ್ಕರ ವಯಸ್ಸಿನ ಸರಕಾರಿ ನೌಕರರನ್ನು. ಎಲ್ಲರೂ ಮೇಜಿನ ಮುಂದೆ ಕೂರುವವರು, ಸುಮಾರು 17,000 ಜನ. ಸೋಮವಾರ ಬೆಳಿಗ್ಗೆ ಅವರ ಮೇಜಿನ ಮೇಲೆ ಒಂದು ನಮೂನೆ ಬರುತ್ತಿತ್ತು: ಕಳೆದ ಶುಕ್ರವಾರ ಮತ್ತು ಶನಿವಾರ ನಿಮ್ಮ ಬಿಡುವಿನ ವೇಳೆಯಲ್ಲಿ ಏನು ಮಾಡಿದಿರಿ, ಐದೈದು ನಿಮಿಷದ ಲೆಕ್ಕ ಕೊಡಿ. ಆಮೇಲೆ ವರ್ಷಗಟ್ಟಲೆ ಯಾರಿಗೆ ಹೃದಯಾಘಾತವಾಯಿತೆಂದು ಗಮನಿಸಿದರು. 1973ರಲ್ಲಿ ಬಂದ ಉತ್ತರ ಇಷ್ಟು: ಕೂತೇ ದುಡಿಯುವವರಾದರೂ ಬಿಡುವಿನಲ್ಲಿ ಮೈ ಬೆವರುವಂತೆ, ಏದುಸಿರು ಬರುವಂತೆ ಕೆಲಸವನ್ನೋ ಆಟವನ್ನೋ ಮಾಡಿದವರಲ್ಲಿ ಹೃದಯಾಘಾತದ ಸಂಭವ ಉಳಿದವರ ಮೂರನೆಯ ಒಂದು ಪಾಲಿನಷ್ಟು ಮಾತ್ರ. ಸುಮ್ಮನೆ ತೋಟದಲ್ಲಿ ಅಡ್ಡಾಡಿದ್ದಕ್ಕೆ ಆ ಫಲ ಕಾಣಲಿಲ್ಲ. ನಮ್ಮ ಮಿತ್ರರು ಬರದೆ ಹೋದ ಆ ಸೋಮವಾರ ಅವರ ಮೇಜಿನ ಮೇಲೂ ಯಾವುದೋ ನಮೂನೆಗಳ ಕಟ್ಟಿತ್ತು. ಅದನ್ನು ಮುಗಿಸಿ ಕಳಿಸಿದ್ದು ನಾವೇ.

ಮಾರಿಸರು ತಾವೂ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಬಯಲಿನಲ್ಲಿ ಓಡುತ್ತಿದ್ದರು. ಆಗ ಅದನ್ನು ನೋಡಿದವರು ಇವರಿಗೆ ಹುಚ್ಚೆಂದು ತಿಳಿದರಂತೆ. 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

ಓಡಬೇಕು ಎಂಬುದು ಲಂಡನ್ನಿನಿಂದ ಬಂತು. ಹೇಗೆ ಓಡಬೇಕು ಎಂಬುದು ಬಂದದ್ದು ನ್ಯೂಜಿಲೆಂಡಿನಿಂದ, ಆರ್ಥರ್ ಲಿಡಿಯಾರ್ಡ್ ಎಂಬ ಪಾದರಕ್ಷೆಯ ಕಾರ್ಖಾನೆಯ ಕೆಲಸಗಾರರಿಂದ. ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸಿನಲ್ಲಿ ಅವರು ಹಿರಿಯರೊಬ್ಬರ ಜೊತೆ ಕೆಲವು ಮೈಲಿ ಓಡಲು ಹೋಗಿ, ನಮ್ಮ ಮೊದಲ ದಿನದಂತೆಯೇ, ಎದೆ ಹಿಡಿದುಕೊಂಡು ವಾಪಸು ಬಂದರು. ಈಗಲೇ ಹೀಗಾದರೆ ನಲವತ್ತೇಳಕ್ಕೆ ಹೇಗಿದ್ದೇನು ಎಂಬ ಚಿಂತೆ ಅವರಿಗೆ ಹತ್ತಿತು. ವರ್ಷಗಟ್ಟಲೆ ತಮ್ಮ ಮೈ ಮೇಲೆಯೇ ಪ್ರಯೋಗ ಮಾಡಿ, ವೇಗವಲ್ಲ, ನಿಧಾನವಾದ ದೀರ್ಘ ಓಟವೇ ಬುನಾದಿ ಎಂದು ಕಂಡುಕೊಂಡರು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ ಮತ್ತು ಮರ್ರೆ ಹಾಲ್ಬರ್ಗ್ ಒಂದೇ ದಿನ, ಒಂದು ಗಂಟೆಯ ಅಂತರದಲ್ಲಿ ಚಿನ್ನದ ಪದಕ ಗೆದ್ದರು. ಲಿಡಿಯಾರ್ಡರು ಅಷ್ಟಕ್ಕೇ ನಿಲ್ಲದೆ ಅದೇ ಔಷಧವನ್ನು ಹೊಟ್ಟೆ ಬಂದ ವ್ಯಾಪಾರಿಗಳಿಗೂ, ಹೃದಯಾಘಾತ ಕಂಡು ಉಳಿದವರಿಗೂ ಕೊಟ್ಟರು. 1962ರಲ್ಲಿ ಆಕ್ಲೆಂಡಿನಲ್ಲಿ ಇಂಥವರ ಸಂಘ ಹುಟ್ಟಿತು. ನಿಯಮ ಒಂದೇ: ಪಕ್ಕದವರೊಡನೆ ಮಾತಾಡಲು ಆಗುವಷ್ಟು ಮೆಲ್ಲಗೆ ಓಡು. ಮಾತು ಕಡಿದರೆ ವೇಗ ಹೆಚ್ಚಾಯಿತೆಂದು ತಿಳಿ.

ಆ ವರ್ಷದ ಕೊನೆಗೆ ಅಮೆರಿಕದ ಆರಿಗನ್ ವಿಶ್ವವಿದ್ಯಾನಿಲಯದ ಓಟದ ತರಬೇತುಗಾರ ಬಿಲ್ ಬವರ್‌ಮನ್ ಅಲ್ಲಿಗೆ ಬಂದರು. ವಯಸ್ಸು ಐವತ್ತೊಂದು, ಊರಿಗೆಲ್ಲ ಓಟ ಹೇಳಿಕೊಡುವವರು. ಭಾನುವಾರ ಲಿಡಿಯಾರ್ಡರ ಗುಂಪಿನೊಡನೆ ಹೊರಟವರು ಮೊದಲ ದಿಬ್ಬದಲ್ಲೇ ಹಿಂದೆ ಬಿದ್ದರು. ಎಪ್ಪತ್ತು ದಾಟಿದ, ಹಿಂದೆ ಹೃದಯಾಘಾತವಾಗಿದ್ದ ಹಿರಿಯರೊಬ್ಬರು ಅವರಿಗಾಗಿ ನಿಧಾನಿಸಿ ಜೊತೆಗೆ ಬಂದರಂತೆ. ಬವರ್‌ಮನ್ ನಾಚಿಕೆಯನ್ನು ಒಳ್ಳೆಯದಕ್ಕೆ ಬಳಸಿದರು. ಊರಿಗೆ ಮರಳಿ 1963ರಲ್ಲಿ ಸಾಮಾನ್ಯ ಜನರಿಗೆ ಓಡುನಡಿಗೆಯ ಪಾಠ ಆರಂಭಿಸಿದರು. ಹೃದ್ರೋಗ ತಜ್ಞರೊಬ್ಬರ ಜೊತೆ ಸೇರಿ ಬರೆದ ಅವರ ಪುಸ್ತಕ 1967ರಲ್ಲಿ ಹೊರಬಂದು ಅಮೆರಿಕದಲ್ಲೆಲ್ಲ ಹರಡಿತು. (ಇದೇ ಮಹನೀಯರು ಮುಂದೆ ಹೆಂಡತಿಯ ಅಡುಗೆಮನೆಯ ವಾಫಲ್ ಕಾವಲಿಗೆ ರಬ್ಬರು ಹುಯ್ದು ಬೂಟಿನ ಅಟ್ಟೆ ಮಾಡಿದವರು. ಕಾವಲಿ ಕೆಟ್ಟಿತು, ನೈಕಿ ಕಂಪನಿ ಬೆಳೆಯಿತು. ನಮ್ಮ ಮನೆಯಲ್ಲಿ ದೋಸೆಕಾವಲಿಗೆ ಹೀಗೆ ಮಾಡಿದ್ದರೆ ಚರಿತ್ರೆ ಬೇರೆಯಾಗುತ್ತಿತ್ತು.) 1968ರಲ್ಲಿ ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ ಹನ್ನೆರಡು ನಿಮಿಷದ ಓಟದ ಪರೀಕ್ಷೆಯನ್ನು ಜನಪ್ರಿಯಗೊಳಿಸಿದರು. ಬ್ರೆಜಿಲಿನಲ್ಲಿ ಇವತ್ತಿಗೂ ಓಡುನಡಿಗೆಗೆ ‘ಕೂಪರ್ ಮಾಡುವುದು’ ಎನ್ನುತ್ತಾರೆ.

ಇಷ್ಟು ಹೇಳಿದ ಮೇಲೆ, ಓಡಿದವರೂ ಸಾಯುತ್ತಾರಲ್ಲ ಎಂಬ ಪ್ರಶ್ನೆಗೆ ಉತ್ತರಿಸದೆ ಹೋಗುವುದು ಪ್ರಾಮಾಣಿಕತೆಯಲ್ಲ. ನಮ್ಮ ಆರು ಜನರ ಮನೆಗಳಲ್ಲೂ ಅದು ಎದ್ದಿತ್ತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ ತಮ್ಮ ನಲವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಕನ್ನಡಿಗರ ಮನೆಮನೆಯಲ್ಲೂ ಅಳು. ದೃಢಕಾಯರಾದ ಅವರಿಗೇ ಹೀಗಾಯಿತೆಂದು ಹೆದರಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಜನ ಸಾಲುಗಟ್ಟಿದ್ದರು. ವ್ಯಾಯಾಮವೇ ಬೇಡವೆಂದು ಬಿಟ್ಟವರೂ ಉಂಟು. ಇದೇ ಭಯ 1984ರಲ್ಲಿ ಅಮೆರಿಕದಲ್ಲೂ ಬಂದಿತ್ತು. ಜಿಮ್ ಫಿಕ್ಸ್ ಎಂಬ ಲೇಖಕರು ಮೂವತ್ತೈದರ ವಯಸ್ಸಿನವರೆಗೆ ದಿನಕ್ಕೆರಡು ಪೊಟ್ಟಣ ಸಿಗರೇಟು ಸೇದುತ್ತ ಸ್ಥೂಲಕಾಯರಾಗಿದ್ದವರು. ಓಡಲಾರಂಭಿಸಿ ಸುಮಾರು 25 ಕಿಲೋ ಇಳಿದರು, ಸಿಗರೇಟು ಬಿಟ್ಟರು, 1977ರಲ್ಲಿ ಓಟದ ಬಗ್ಗೆ ಬರೆದ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. 1984ರ ಜುಲೈ 20ರಂದು ಓಡುತ್ತಿರುವಾಗಲೇ ರಸ್ತೆಯ ಪಕ್ಕದಲ್ಲಿ ಬಿದ್ದು ಸತ್ತರು. ವಯಸ್ಸು 52. ಶವಪರೀಕ್ಷೆಯಲ್ಲಿ ಹೃದಯದ ರಕ್ತನಾಳಗಳು ಬಹುವಾಗಿ ಕಟ್ಟಿಕೊಂಡದ್ದು ಕಂಡುಬಂತು. ಅವರ ತಂದೆ ನಲವತ್ತಮೂರಕ್ಕೇ ಹೃದಯಾಘಾತದಿಂದ ಹೋಗಿದ್ದರು. ಕೂಪರರ ಆಸ್ಪತ್ರೆಗೆ ಭೇಟಿ ಕೊಟ್ಟಾಗಲೂ ಹೃದಯದ ಪರೀಕ್ಷೆ ಬೇಡವೆಂದರಂತೆ. ತಂದೆಗಿಂತ ಒಂಬತ್ತು ವರ್ಷ ಹೆಚ್ಚು ಬದುಕಿದ್ದು ಓಟದಿಂದಲೋ, ಸತ್ತದ್ದು ಓಟದಿಂದಲೋ ಎಂದು ಜನ ವಾದಿಸಿದರು. ನಮಗೆ ತೋರುವುದು, ಎರಡೂ ನಿಜವಿರಬಹುದು. ನಮ್ಮಲ್ಲಿ ಇಬ್ಬರ ತಂದೆಯವರು ಐವತ್ತೈದರೊಳಗೆ ತೀರಿದವರು. ಆ ಇಬ್ಬರೂ ಮೊದಲು ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಂಡು ಬಂದ ಮೇಲೆಯೇ ಬೂಟು ಕಟ್ಟಿದರು. ಒಬ್ಬರಿಗೆ ರಕ್ತದೊತ್ತಡವಿರುವುದು ಆಗಲೇ ಗೊತ್ತಾದದ್ದು. ಮೂರು ತಿಂಗಳು ಮಾತ್ರೆ ನುಂಗಿ, ನಡೆದಾಡಿ, ಆಮೇಲೆ ಬಂದರು.

ಹೆಂಗಸರ ಪಾಲಿನ ಚರಿತ್ರೆ ಇನ್ನೂ ಮೊಂಡು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ 800 ಮೀಟರ್ ಓಡಿದ ಹೆಂಗಸರು ದಣಿದು ಕೂತರೆಂದು ಪತ್ರಿಕೆಗಳು ಗುಲ್ಲೆಬ್ಬಿಸಿ, 1960ರವರೆಗೆ ಅವರಿಗೆ ಆ ಓಟವೇ ಇಲ್ಲವಾಯಿತು. 1966ರಲ್ಲಿ ಬಾಬಿ ಗಿಬ್ ಬಾಸ್ಟನ್ ಮ್ಯಾರಥಾನಿನ ಆರಂಭದಲ್ಲಿ ಪೊದೆಯ ಹಿಂದೆ ಅಡಗಿದ್ದು ಗುಂಪಿನೊಳಗೆ ಸೇರಿಕೊಂಡರು. ಮರುವರ್ಷ ಕ್ಯಾಥರೀನ್ ಸ್ವಿಟ್ಜರ್ ಓಡುತ್ತಿದ್ದಾಗ ಪಂದ್ಯದ ಅಧಿಕಾರಿಯೊಬ್ಬರು ಅಂಗಿಯ ಮೇಲಿನ ಸಂಖ್ಯೆಯನ್ನು ಕಿತ್ತುಕೊಳ್ಳಲು ನುಗ್ಗಿದರು. ಬಾಸ್ಟನ್ನಿನಲ್ಲಿ ಹೆಂಗಸರಿಗೆ ಅನುಮತಿ ಸಿಕ್ಕಿದ್ದು 1972ರಲ್ಲಿ, ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಸಿಕ್ಕಿದ್ದು 1984ರಲ್ಲಿ, ನಮ್ಮ ಪಿ.ಟಿ. ಉಷಾ ಸೆಕೆಂಡಿನ ನೂರನೆಯ ಒಂದು ಪಾಲಿನಲ್ಲಿ ಪದಕ ತಪ್ಪಿಸಿಕೊಂಡ ಅದೇ ಕೂಟದಲ್ಲಿ. ನಮ್ಮ ಮನೆಯವರನ್ನು ಯಾವ ಅಧಿಕಾರಿಯೂ ತಡೆಯಲಿಲ್ಲ. ತಡೆದದ್ದು ಬೀದಿನಾಯಿಗಳು, ಮತ್ತು ಎದುರು ಮಹಡಿಯ ಹಿರಿಯರ ನೋಟ. “ರೀ, ನೀವು ಮುಂದೆ ಹೋಗಿ, ನಾಯಿ ಬಂದ್ರೆ ಮೊದ್ಲು ನಿಮ್ಮನ್ನೇ ಹಿಡೀಲಿ” ಎಂದು ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು ಹೊರಟ ಅವರು, ಎರಡನೆಯ ತಿಂಗಳಿಗೆ ನಮ್ಮನ್ನು ಹಿಂದೆ ಹಾಕಿದರು.

ನಾವು ಅನುಸರಿಸಿದ ಕ್ರಮ 1996ರದು. ಜೋಶ್ ಕ್ಲಾರ್ಕ್ ಎಂಬ ಅಮೆರಿಕದ ತರುಣ, ಐವತ್ತು ದಾಟಿದ ತನ್ನ ತಾಯಿಯಂಥವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಒಂಬತ್ತು ವಾರಗಳ ಪಾಠ. ವಾರಕ್ಕೆ ಮೂರೇ ದಿನ, ನಡುವೆ ವಿಶ್ರಾಂತಿ. ಮೊದಲ ವಾರ ಐದು ನಿಮಿಷ ಬಿರುಸಾಗಿ ನಡೆದು, ಆಮೇಲೆ ಒಂದು ನಿಮಿಷ ಓಡು, ಒಂದೂವರೆ ನಿಮಿಷ ನಡೆ, ಹೀಗೆ ಇಪ್ಪತ್ತು ನಿಮಿಷ. ವಾರ ಕಳೆದಂತೆ ಓಟ ಹೆಚ್ಚು, ನಡಿಗೆ ಕಡಿಮೆ. ಕೊನೆಗೆ ಅರ್ಧ ಗಂಟೆ ನಿಲ್ಲದೆ. ಉಸಿರು ಬೇಗ ಕಲಿಯುತ್ತದೆ, ಸ್ನಾಯು ಸ್ವಲ್ಪ ತಡವಾಗಿ, ಕೀಲು ಮೂಳೆ ಎಲ್ಲಕ್ಕಿಂತ ತಡವಾಗಿ. ಹೊಸಬರು ಕೆಡುವುದು ಇಲ್ಲೇ, ಉಸಿರಿನ ಮಾತು ಕೇಳಿ ಮೊಣಕಾಲನ್ನು ಮರೆಯುತ್ತಾರೆ. ನಮ್ಮಲ್ಲಿ ಮಂಡ್ಯದ ಕಡೆಯವರೊಬ್ಬರು ಮೂರನೆಯ ವಾರಕ್ಕೇ ಹುಮ್ಮಸ್ಸಿನಿಂದ ದಿನವೂ ಓಡಿ, ಹಳೆಯ ಕ್ಯಾನ್ವಾಸ್ ಬೂಟಿನಲ್ಲಿ ಮೊಣಕಾಲು ಊದಿಸಿಕೊಂಡು ಒಂದು ತಿಂಗಳು ಮನೆಯಲ್ಲಿ ಕೂತರು.

ಐದನೆಯ ವಾರದ ಮೂರನೆಯ ದಿನ ಈ ಪಾಠದಲ್ಲಿ ಹೆದರಿಸುವ ದಿನ, ಇಪ್ಪತ್ತು ನಿಮಿಷ ಒಂದೇ ಸಮನೆ ಓಡಬೇಕು. ನಮಗೆ ಅದು ಐದನೆಯ ವಾರದಲ್ಲಿ ಬರಲಿಲ್ಲ, ಒಂಬತ್ತನೆಯದರಲ್ಲಿ ಬಂತು. ಲಿಡಿಯಾರ್ಡರ ನಿಯಮದಂತೆ ಮಾತಾಡುತ್ತ ಓಡಿದೆವು: ತುಟ್ಟಿಭತ್ಯೆ, ಮಕ್ಕಳಿಗೆ ಕನ್ನಡ ಓದಲು ಬಾರದಿರುವುದು, ಊರಿನ ಮನೆಯ ಪಾಲು. ಗಡಿಯಾರ ನೋಡಿದಾಗ ಇಪ್ಪತ್ತೆರಡು ನಿಮಿಷವಾಗಿತ್ತು. ಒಂಬತ್ತು ವಾರದ ಪಾಠ ಹದಿನಾರು ವಾರಕ್ಕೆ ಮುಗಿಯಿತು. ಬೇಸಿಗೆಯಲ್ಲಿ ಐದು ಗಂಟೆಗೇ ಹೊರಡದಿದ್ದರೆ ಇಲ್ಲಿ ಓಡುವುದು ಸಾಧ್ಯವಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು.

ನಾವು ಸುತ್ತುಹಾಕುವ ಗೋಡೆಯೊಳಗಿನ ಕ್ರೀಡಾಂಗಣಕ್ಕೂ ಒಂದು ಚರಿತ್ರೆಯಿದೆ. 2002ರ ಮಾರ್ಚಿನಲ್ಲಿ ಹೆಲಿಕಾಪ್ಟರ್ ದುರಂತದಲ್ಲಿ ಮಡಿದ ಲೋಕಸಭಾಧ್ಯಕ್ಷರ ಹೆಸರನ್ನು ಅದು ಹೊತ್ತಿದೆ. ಅದೇ ವರ್ಷ ರಾಷ್ಟ್ರೀಯ ಕ್ರೀಡಾಕೂಟ, 2003ರಲ್ಲಿ ಆಫ್ರೋ-ಏಷ್ಯನ್ ಕ್ರೀಡಾಕೂಟ, 2007ರಲ್ಲಿ ಸೈನಿಕರ ವಿಶ್ವ ಕ್ರೀಡಾಕೂಟ ನಡೆದ ಜಾಗ. 2007ರಲ್ಲೇ ಈ ನಗರದ ಹವ್ಯಾಸಿ ಓಟಗಾರರು ಸಂಘ ಕಟ್ಟಿಕೊಂಡರು. ಈಗ ಆಗಸ್ಟಿನಲ್ಲಿ ನಡೆಯುವ ಹೈದರಾಬಾದ್ ಮ್ಯಾರಥಾನ್, ಹುಸೇನ್ ಸಾಗರದ ದಂಡೆಯಿಂದ ಹೊರಟು ಮೇಲುಸೇತುವೆಗಳನ್ನು ಹತ್ತಿ ಇಳಿದು ಗಚ್ಚಿಬೌಲಿಗೆ ಬಂದು ಈ ಕ್ರೀಡಾಂಗಣದಲ್ಲಿ ಮುಗಿಯುತ್ತದೆ.

ಕಳೆದ ಆಗಸ್ಟಿನಲ್ಲಿ ನಾವು ಆರೂ ಜನ ರಸ್ತೆಯ ತಿರುವಿನಲ್ಲಿ ನಿಂತು ಅವರನ್ನು ನೋಡಿದೆವು. ಮಿತ್ರರ ಮನೆಯವರನ್ನೂ ಮಗನನ್ನೂ ಕರೆದಿದ್ದೆವು. ಅಷ್ಟು ದೂರ ಓಡಿ ಬಂದವರಲ್ಲಿ ನರೆತ ತಲೆಗಳು ಎಷ್ಟೊಂದು ಇದ್ದವು ಎಂದು ಎಣಿಸುತ್ತ ನಿಂತ ಆಕೆ ನಡುವೆ ನಿಲ್ಲಿಸಿ, “ಇವರಿಗೆಲ್ಲ ಎಷ್ಟ್ ವಯಸ್ಸಾಗಿರಬೇಕ್ರಿ?” ಎಂದು ಕೇಳಿದರು. ನಲವತ್ತೇಳಕ್ಕಿಂತ ಹೆಚ್ಚು ಎಂದು ಹೇಳಲು ನಮಗೆ ಬಾಯಿ ಬರಲಿಲ್ಲ. ಹದಿನೇಳರ ಹುಡುಗ ಮಾತ್ರ ಉತ್ತರ ಕಾಯದೆ, ಬೂಟಿನ ಅಂಗಡಿ ಎಲ್ಲಿದೆ ಎಂದು ವಿಚಾರಿಸಿದ.

ಮುಂದಿನ ಭಾನುವಾರದಿಂದ ತಾಯಿ ಮಗ ಇಬ್ಬರೂ ಬರುತ್ತಿದ್ದಾರೆ. ಹುಡುಗ ನಮ್ಮನ್ನು ಬಿಟ್ಟು ಮುಂದೆ ಓಡಿಹೋಗುತ್ತಾನೆ. ಆಕೆ ಒಂದು ನಿಮಿಷ ಓಡಿ, ಒಂದೂವರೆ ನಿಮಿಷ ನಡೆಯುತ್ತಾರೆ. ಈಗ ಎರಡನೆಯ ವಾರ ಮುಗಿದಿದೆ.